ಕನ್ನಡದಲ್ಲಿ ಬೈಯುತ್ತಿದ್ದ ಡಾಕ್ಟರಮ್ಮ

ಸಿಟ್ಟು ಬಂದರೆ ಡಾಕ್ಟರಮ್ಮನ ಮೂಗು ಕೆಂಪಾಗಿ ಮೂಗುತಿ ಅದುರುತ್ತಿತ್ತು. ವಿಜಯವಾಡದ ಅವರ ಕೋಣೆಗೆ ನಾನು ಮೊದಲ ಸಲ ಕಾಲಿಟ್ಟಾಗ ಮೂಗು ಆಗಲೇ ಕೆಂಪಾಗಿತ್ತು. ನನಗಿಂತ ಮುಂಚೆ ಬಂದ ರೋಗಿ ಕೈಯ ಪ್ಲಾಸ್ಟರನ್ನು ತಾನೇ ಕತ್ತರಿಸಿಕೊಂಡು ಬಂದಿದ್ದನಂತೆ.

ನಾನು ಹಾವೇರಿಯವಳು, ವರ್ಗವಾಗಿ ವಿಶಾಖಪಟ್ಟಣದ ಬ್ಯಾಂಕಿಗೆ ಬಂದವಳು. ಮಧುರವಾಡದ ಹೆದ್ದಾರಿಯಲ್ಲಿ ಲಾರಿಯೊಂದು ನನ್ನ ಸ್ಕೂಟರನ್ನು ಹಾರಿಸಿತ್ತು. ಹತ್ತಿರದ ಆಸ್ಪತ್ರೆಯವರು ತಲೆ ನೋಡಿದರು, ಸೊಂಟ ನೋಡಿದರು; ಬಲ ಮಣಿಕಟ್ಟಿನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಬರೀ ಉಳುಕು ಎಂದು ಪಟ್ಟಿ ಸುತ್ತಿದರು. ವಾರಗಳು ಕಳೆದರೂ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು. ಹಿಡಿದ ಲೋಟ ಜಾರಿ ಬೀಳುತ್ತಿತ್ತು. ಮತ್ತೆ ಹೋಗಿ ಹೇಳಿದರೆ ನಗುನಗುತ್ತಾ, "ಕಂಗಾರು ಪಡಕಂಡಿ ಮೇಡಂ," ಗಾಬರಿ ಬೇಡ, ಬಾವು ಇಳಿದರೆ ಎಲ್ಲಾ ಸರಿಹೋಗುತ್ತದೆ ಎಂದರು. ಆಗ ಅಳು ಬಂದಿತ್ತು. ಈಗ ನೆನೆದರೆ ಮೈಯೆಲ್ಲ ಉರಿಯುತ್ತದೆ. ಕೊನೆಗೆ ಬ್ಯಾಂಕಿನವರೊಬ್ಬರು ಹೇಳಿದರೆಂದು ರೈಲು ಹತ್ತಿ ವಿಜಯವಾಡದ ಈ ಮೂಳೆ ಡಾಕ್ಟರಮ್ಮನ ಬಳಿ ಬಂದಿದ್ದೆ.

ಡಾಕ್ಟರಮ್ಮ ತೆಲುಗು ಮನೆತನದವರು, ಅಜ್ಜಿ ಮಾತ್ರ ಧಾರವಾಡದವರು. ಕನ್ನಡ ಕಲಿತದ್ದು ಆ ಅಜ್ಜಿಯ ಬೈಗುಳದಿಂದಲೇ. ಹಾಗಾಗಿ ಅವರಿಗೆ ತೆಲುಗು ಮರ್ಯಾದೆಯ ಭಾಷೆ, ಕನ್ನಡ ಸಿಟ್ಟಿನ ಭಾಷೆ. ರೋಗಿಗಳನ್ನೆಲ್ಲ "ಕೂರ್ಚೋಂಡಮ್ಮಾ" ಎಂದು ಬಹುವಚನದಲ್ಲೇ ಕೂರಿಸುವವರು, ನಾನು ಕನ್ನಡದವಳು ಎಂದು ತಿಳಿದದ್ದೇ ತಡ, ಏಕವಚನಕ್ಕಿಳಿದರು.

ಪೆನ್ನಿನ ತುದಿಯಿಂದ ಬೆರಳುಗಳನ್ನು ಒಂದೊಂದಾಗಿ ಚುಚ್ಚಿ ನೋಡಿದರು. ಲಕೋಟೆಯಿಂದ ಎಕ್ಸ್‌ರೇ ಫಿಲ್ಮು ಎಳೆದರು. ಎರಡಿದ್ದವು. ಕೈಯನ್ನು ಪಕ್ಕದಿಂದ ತೆಗೆದದ್ದು ಒಂದಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಆಸ್ಪತ್ರೆಯವರು ಬೆಳಕಿಗೆ ಹಿಡಿದದ್ದು ಎದುರಿನಿಂದ ತೆಗೆದದ್ದನ್ನು ಮಾತ್ರ.

"ಇದು ಉಳುಕೇನ? ನೋಡಿಲ್ಲೆ!" ಮೇಜಿನ ಮೇಲಿದ್ದ ಚಹಾದ ಕಪ್ಪನ್ನು ವಾಲಿಸಿ ತೋರಿಸಿದರು. ಚಹಾ ಅವರ ಸೆರಗಿನ ಮೇಲೇ ಚೆಲ್ಲಿತು. "ಈ ಸಣ್ಣ ಎಲುವು ಜಾಗಾ ಬಿಟ್ಟು ಹಿಂಗ ವಾಲ್ಯದ. ನರದ ಮ್ಯಾಲೆ ಕುಂತದ. ದೊಡ್ಡ ಪೆಟ್ಟು ಬಿದ್ದವರ ಸಣ್ಣ ಎಲುವು ಯಾರಿಗೂ ಕಾಣಂಗಿಲ್ಲ. ನಿನಗರೆ ಬಾಯಿ ಇರಲಿಲ್ಲೇನ? ಬೆರಳು ಸತ್ತಾವ ಅಂತ ಒದರಬೇಕಿತ್ತಲ್ಲ!"

ಪೆಟ್ಟು ತಿಂದವಳೂ ನಾನೇ, ಬೈಸಿಕೊಂಡವಳೂ ನಾನೇ. ಮರುದಿನವೇ ಕೊಯ್ದು ನರ ಬಿಡಿಸಿ, ಮೂಳೆಯನ್ನು ಅದರ ಜಾಗದಲ್ಲಿ ಕೂರಿಸಿ, ತಂತಿ ಹಾಕಿದರು. ಆಮೇಲೆ ನನ್ನ ಮಂಚದ ಪಕ್ಕವೇ ನಿಂತು ವಿಶಾಖಪಟ್ಟಣದ ಆ ಆಸ್ಪತ್ರೆಗೆ ಫೋನು ಮಾಡಿದರು. ತೆಲುಗಿನಲ್ಲಿ, ಮಾತುಮಾತಿಗೂ ಅಂಡಿ, ಗಾರು ಎಂದು ಮರ್ಯಾದೆ ಸೇರಿಸುತ್ತಾ ಎಷ್ಟು ನಯವಾಗಿ! ಫೋನಿಟ್ಟು ನನ್ನ ಕಡೆ ತಿರುಗಿದರು. "ಹಾಳಾದವ್ರು, ಇಷ್ಟು ದಿನಾ ತಿಂದ್ರು. ಬೆರಳಿಗೆ ಜೀವ ಬರ್ತದ. ಮಣಿಕಟ್ಟು ಪೂರ್ತಿ ಬಗ್ಗಂಗಿಲ್ಲ. ಅದನ್ನ ನಾ ಎಲ್ಲಿಂದ ತಂದು ಕೊಡ್ಲಿ?" ಅವರ ಕಣ್ಣಲ್ಲಿ ನೀರಿತ್ತು.

ಹೋದ ವರ್ಷ ಅವರು ತೀರಿಕೊಂಡರು. ಮನೆಗೆ ಹೋದೆ. ಕೂತವರೆಲ್ಲ ತೆಲುಗಿನಲ್ಲಿ ಹೇಳುತ್ತಿದ್ದದ್ದು ಒಂದೇ ಮಾತು: ಎಂಥ ಶಾಂತ ಸ್ವಭಾವ, ಒಂದು ದಿನವೂ ದನಿ ಎತ್ತಿದವರಲ್ಲ. ಅವರ ಮಗ ನನ್ನತ್ತ ತಿರುಗಿ, "ಕದಾ ಆಂಟಿ?" ಎಂದು ಕೇಳಿ, ನಾನೂ ಹೌದೆನ್ನಲೆಂದು ಕಾದ. ನನಗೆ ಸಿಟ್ಟು ನೆತ್ತಿಗೇರಿತು. ಸುಳ್ಳು ಎಂದು ಗಟ್ಟಿಯಾಗಿಯೇ ಹೇಳಿದೆ. ಎಲ್ಲರೂ ತಿರುಗಿ ನೋಡಿದರು. ಮುಂದಿನದಕ್ಕೆ ನನ್ನ ತೆಲುಗು ಸಾಲಲಿಲ್ಲ, ಕನ್ನಡದಲ್ಲೇ ಅಂದೆ:

"ಸಮಾಧಾನದಿಂದ ಮಾತಾಡಿದವರು ನನ್ನ ಕೈ ಕೆಡಿಸಿದ್ರಪಾ. ನಿಮ್ಮವ್ವ ಬೈದು ಉಳಿಸಿದ್ಳು."