ಗಾಡಿ ಕಟ್ಟುವ ಮನೆಗೆ ಕೋಳಿ ಬೇಕೆ

ದುರ್ಗದ ಶಾಲೆಯ ಚರ್ಚಾಕೂಟದಲ್ಲಿ ನನ್ನನ್ನು ಸೋಲಿಸಿದವರಿರಲಿಲ್ಲ. ದೇವರಿದ್ದಾನೆ ಎಂದು ಒಂದು ವಾರ ಗೆದ್ದಿದ್ದೆ, ಇಲ್ಲವೆಂದು ಮುಂದಿನ ವಾರ ಗೆದ್ದಿದ್ದೆ. ಅಂಥವನು ಬೇಸಿಗೆ ರಜೆಗೆ ಮೊಳಕಾಲ್ಮೂರಿಗೆ ಬಂದರೆ, ಹಿತ್ತಲಲ್ಲಿ ನಾಲ್ಕು ಕೋಳಿ ಸಾಕಬೇಕೋ ಬೇಡವೋ ನೀನೇ ಹೇಳು ಅಂದರು ಅಪ್ಪ, ಅವ್ವ. ನನಗೆ ಸ್ವಲ್ಪ ಅವಮಾನವೇ ಆಯಿತು.

ಜಗಳ ಹಳೆಯದು. ಚಳ್ಳಕೆರೆಯಲ್ಲಿದ್ದ ದೊಡ್ಡಪ್ಪ "ಮಗ್ಗ ಎತ್ಕೊಂಡು ಇಲ್ಲಿಗೇ ಬಂದ್ಬಿಡ್ರಿ" ಎಂದು ಕರೆದು ಮೂರು ಯುಗಾದಿ ಕಳೆದಿದ್ದವು. ಅಪ್ಪ ಹೋಗಲೂ ಇಲ್ಲ, ಇಲ್ಲೇ ಇರುತ್ತೇನೆ ಅನ್ನಲೂ ಇಲ್ಲ. ಅವ್ವ ಒಂದು ನುಗ್ಗೆಕೊಂಬೆ ನೆಡುತ್ತೇನೆಂದರೆ ಅಪ್ಪನದು "ಹೋಗೋರಿಗ್ಯಾಕೆ?" ಬಿರುಕು ಬಿಟ್ಟ ಒಲೆ ತೆಗೆದು ಹೊಸದು ಹಾಕುತ್ತೇನೆಂದರೆ "ಹೋಗೋರಿಗ್ಯಾಕೆ?" ಮೂರು ವರ್ಷ ಅವಳು ತನ್ನ ಮನೆಯಲ್ಲೇ ನೆಂಟರ ಹಾಗೆ ಇದ್ದಳು. ಕೋಳಿಯ ವಿಷಯದಲ್ಲಿ ಮಾತ್ರ ಪಟ್ಟು ಬಿಡಲಿಲ್ಲ.

ನಾನು ಅಪ್ಪನ ಪಕ್ಷ ವಹಿಸಿದೆ. ನ್ಯಾಯ ಅವನ ಕಡೆ ಇತ್ತೆಂದಲ್ಲ. ಅವನಿಗೆ ವಾದ ಮಾಡಲು ಬರುತ್ತಿರಲಿಲ್ಲ, ಅಷ್ಟೆ.

"ಊರು ಬಿಡೋ ಸಂಭವ ಐತೆ ಅಂದ್ಮೇಲೆ, ಹೊತ್ಕೊಂಡು ಹೋಗೋಕೆ ಕಷ್ಟ ಆಗೋದನ್ನ ಕೂಡಿಸ್ಬಾರದು," ಎಂದೆ.

"ಕೋಳಿಗೆ ಕಾಲೈತೆ ಕಣೋ," ಎಂದಳು ಅವ್ವ. "ನಿಮ್ಮಪ್ಪನ ಮಗ್ಗಕ್ಕೈತಾ?"

"ಮಗ್ಗದ ಗುಂಡಿಗೆ ಬಿದ್ದು ರೇಷ್ಮೆ ಕೆದರಿದ್ರೆ?"

"ಆ ಗುಂಡಿಯಿಂದ ನಿನ್ನ ಎಷ್ಟು ಸಲ ಎತ್ತಿಲ್ಲ? ನಿನ್ನೇನು ಸಂತೆಗೆ ಹಾಕಿದ್ವಾ?"

ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದ ಅಪ್ಪನ ಲಾಳಿ ನಿಂತಿತು. ನೋಡಿದರೆ ನಗುತ್ತಿದ್ದಾನೆ, ನನ್ನ ಕಕ್ಷಿಗಾರ! ಇನ್ನು ಸೋಲುತ್ತೇನೆ ಅನ್ನಿಸಿದಾಗ ಚರ್ಚಾಕೂಟದ ಹಳೆಯ ಉಪಾಯ ಹೂಡಿದೆ: ತೀರ್ಮಾನವನ್ನೇ ಮುಂದೂಡುವುದು. ಕೋಳಿಯ ತಕರಾರನ್ನೂ ಸೇರಿಸಿ ದೊಡ್ಡಪ್ಪನಿಗೆ ಕಾಗದ ಬರೆಯುತ್ತೇನೆ, ಅವರು ಹೇಳಿದಂತೆ ಆಗಲಿ ಎಂದೆ. ಇಬ್ಬರೂ ಒಪ್ಪಿದರು.

ನಮ್ಮ ಮನೆಯ ಕಾಗದಗಳಲ್ಲಿ ಮಾತು ತೆಲುಗು, ಅಕ್ಷರ ಕನ್ನಡ. ದೊಡ್ಡಪ್ಪನ ಕಾರ್ಡು ಬಂದ ದಿನ ಅಪ್ಪ ನೂಲು ತರಲು ಹೋಗಿದ್ದ. ನಾನು ಗಟ್ಟಿಯಾಗಿ ಓದಿದೆ: "ನಾಲುಗು ಪೆಟ್ಟಲು ಕೊನಿ ಪೆಟ್ಟು." ಅಂದರೆ, ನಾಲ್ಕು ಹೇಂಟೆ ಕೊಂಡಿಡು. ಊರು ಬಿಡುವ, ಗಾಡಿ ಕಟ್ಟುವ ಸುದ್ದಿಯೇ ಇಲ್ಲ.

"ಪೆಟ್ಟಲಾ, ಪೆಟ್ಟೆಲಾ? ಸರಿಯಾಗಿ ನೋಡು," ಎಂದಳು ಅವ್ವ. ತೆಲುಗಿನಲ್ಲಿ ಪೆಟ್ಟೆ ಎಂದರೆ ಪೆಟ್ಟಿಗೆ.

"ಟಕಾರಕ್ಕೆ ಎತ್ವ ಇಲ್ಲವ್ವ. ಎತ್ವ ಇಲ್ಲ ಅಂದ್ರೆ ಕೋಳಿ. ಅಕ್ಷರ ಸುಳ್ಳು ಹೇಳಲ್ಲ."

"ಓದಿದೋನು ನೀನು," ಎಂದಳು ಅವ್ವ, ಬಹಳ ವಿನಯದಿಂದ. ಆ ವಿನಯ ಕಂಡಾದರೂ ನನಗೆ ಅನುಮಾನ ಬರಬೇಕಿತ್ತು. ಊರಿನ ಸಕಲವನ್ನೂ ಅನುಮಾನಿಸುವವನು ಅದೊಂದನ್ನು ಬಿಟ್ಟೆ.

ಆ ವಾರದ ಸಂತೆಯಿಂದ ನಾಲ್ಕು ಹೇಂಟೆ ಬಂದವು. ಪಕ್ಕದ ಮನೆಯ ಹುಂಜ ಯಾರೂ ಕರೆಯದೆ ತಾನೇ ಬಂತು.

ರಜೆ ಮುಗಿಯುವ ಹೊತ್ತಿಗೆ ದೊಡ್ಡಪ್ಪ ಗಾಡಿ ಕಟ್ಟಿಸಿಕೊಂಡು ಬಂದೇಬಿಟ್ಟರು. ಜಗುಲಿ ಹತ್ತುತ್ತಲೇ, "ಪೆಟ್ಟೆಲು ಎಕ್ಕಡ್ರಾ?" ಎಂದರು. ಸಾಮಾನು ತುಂಬಲು ಪೆಟ್ಟಿಗೆ ಎಲ್ಲಿ? ಅಪ್ಪ ನನ್ನ ಮುಖ ನೋಡಿದ. ನಾನು ಹಿತ್ತಲ ಕಡೆ ಕೈ ತೋರಿಸಿದೆ. ಕಾರ್ಡು ಹೊರಗೆ ಬಂತು.

"ನೀವು ಎತ್ವ ಬಿಟ್ಟಿದೀರಿ ದೊಡ್ಡಪ್ಪ."

"ನಲವತ್ತು ವರ್ಷದಿಂದ ಬಿಡ್ತಿದೀನಿ ಕಣಲೇ! ಯಾವ ಬಡ್ಡೀಮಗನೂ ಕೋಳಿ ತಂದಿರ್ಲಿಲ್ಲ! ಆಯ್ತು, ಬುಟ್ಟಿಗೆ ಹಾಕ್ರಿ ಅವನ್ನೂ. ಹೊರಡಾನ."

ಅವ್ವ ಭಾವನ ಎದುರು ನಿಂತು ಮಾತಾಡುವವಳಲ್ಲ. ಬಾಗಿಲ ಹಿಂದಿನಿಂದ, ಇಡೀ ಕೇರಿಗೆ ಕೇಳುವಂತೆ, ನನಗೆ ಹೇಳಿದಳು: "ನಿಮ್ಮ ದೊಡ್ಡಪ್ಪೋರಿಗೆ ಹೇಳಪ್ಪಾ, ಕರೀಕೋಳಿ ನಿನ್ನೆಯಿಂದ ಕಾವಿಗೆ ಕೂತೈತೆ. ಕಾವಿಗೆ ಕೂತಿದ್ದನ್ನ ಎಬ್ಬಿಸಿದ ಮನೆ ಉದ್ಧಾರ ಆಗಲ್ಲ. ಇಪ್ಪತ್ತೊಂದು ದಿನ."

ದೊಡ್ಡಪ್ಪ ನನ್ನ ಕಡೆ ತಿರುಗಿದರು. "ಲೇ, ನೀನು ಇಂಥವನ್ನೆಲ್ಲ ನಂಬಲ್ಲ ಅಲ್ವಾ? ಹೇಳು ನಿಮ್ಮವ್ವಗೆ."

ನಂಬುತ್ತಿರಲಿಲ್ಲ, ನಿಜ. ಹೇಳಲು ಬಾಯಿ ತೆರೆದೆ. ಬಾಗಿಲ ಸಂದಿಯಲ್ಲಿ ಅವ್ವನ ಕೈ ಕಂಡಿತು. ಚಿಲಕವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು, ಯಾರೋ ಬಾಗಿಲನ್ನೇ ಕಿತ್ತು ಗಾಡಿಗೆ ಹಾಕುತ್ತಾರೆ ಎನ್ನುವಂತೆ.

"ಶಕುನ ಬಿಡ್ರಿ, ತರ್ಕಕ್ಕೇ ಬನ್ನಿ," ಎಂದೆ. "ಚಳ್ಳಕೆರೆ ತನಕ ಗಾಡೀಲಿ ಕುಲುಕಿದ್ರೆ ಹತ್ತು ಮೊಟ್ಟೇಲಿ ಎಷ್ಟು ಮರಿಯಾಗ್ತಾವೆ?"

ದೊಡ್ಡಪ್ಪ ಎತ್ತುಗಳ ಕಡೆ ನೋಡಿದರು. ಅಪ್ಪ ಬಾಗಿಲನ್ನೇ ಕೇಳಿದ: "ಇಪ್ಪತ್ತೊಂದು ಆದ್ಮೇಲೆ?"

"ಆಮೇಲೆ ಮರಿ ಸಣ್ಣವು," ಎಂದಿತು ಬಾಗಿಲು.

ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಗಾಡಿ ಖಾಲಿ ಹೋಯಿತು. ಹೊರಡುವಾಗ ದೊಡ್ಡಪ್ಪ, "ಇನ್ಮೇಲೆ ನನ್ನ ಕಾಗದ ಇವನ ಕೈಲಿ ಓದಿಸ್ಬೇಡ್ರಪ್ಪಾ," ಎಂದರು.

ಮರುದಿನ ಬೆಳಿಗ್ಗೆ ಅಪ್ಪ ಹಾರೆ ತಂದು, ಕೋಳಿಗೂಡಿನ ಗೂಟಕ್ಕೆಂದು ಹಿತ್ತಲ ನೆಲ ಅಗೆದ. ಗೇಣುದ್ದ ಅಗೆದು ನಿಂತ.

"ಸಾಕೇನೇ ಇಷ್ಟು?"

"ಇನ್ನೂ ಅಗೀರಿ," ಎಂದಳು ಅವ್ವ.