ಮೂರಿಂಚು ಪ್ಯಾಂಟು, ಹದಿನಾರು ಜೋಳದ ಗಿಡ

ನಮ್ಮ ಬೀದಿಯ ಟೈಲರಕ್ಕ ಗಿರಾಕಿಗಳ ಬಟ್ಟೆಯನ್ನು ಮಣ್ಣಲ್ಲಿ ಹೂಳುತ್ತಾರೆ ಎಂದು ನಾನು ಒಂದು ಬೆಳಗ್ಗೆ ನಂಬಿದ್ದೆ. ಹಲ್ಲುಜ್ಜುತ್ತಾ ಗೋಡೆಯಾಚೆ ಇಣುಕಿದಾಗ (ಇಣುಕುವುದು ನನ್ನ ಅಭ್ಯಾಸವಲ್ಲ, ಗೋಡೆಯೇ ಗಿಡ್ಡ) ಆಕೆ ಹಿತ್ತಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಕಾಫಿ ಬಣ್ಣದ ಬಟ್ಟೆಪಟ್ಟಿಯೊಂದನ್ನು ಗುಂಡಿಗೆ ಇಳಿಸುತ್ತಿದ್ದರು. ಆ ಬಣ್ಣ ನನಗೆ ಗೊತ್ತು. ಉದ್ದ ಕಡಿಮೆ ಮಾಡಲು ಕೊಟ್ಟಿದ್ದ ನನ್ನ ಪ್ಯಾಂಟು!

ಬಾಯಿ ಮುಕ್ಕಳಿಸಿದವನೇ ಅಂಗಡಿಗೆ ನುಗ್ಗಿ ನ್ಯಾಯ ಕೇಳಿದೆ. ಆಕೆ ಗೋಡೆಯ ಮೊಳೆಯ ಕಡೆ ಕೈ ತೋರಿಸಿದರು. ಪ್ಯಾಂಟು ಇಸ್ತ್ರಿಯಾಗಿ ನೇತಾಡುತ್ತಿತ್ತು.

"ಮೂರಿಂಚು ತೆಗೀರಿ ಅಂದೋರು ನೀವೇ ಅಲ್ವಾ ಸಾರ್? ತೆಗೆದದ್ದನ್ನ ಫ್ರೇಮ್ ಹಾಕಿ ಕೊಡಬೇಕಿತ್ತಾ?"

ನ್ಯಾಯ ಮುಗಿಯಿತು, ಕುತೂಹಲ ಮುಗಿಯಲಿಲ್ಲ. ಹಿತ್ತಿಲಿಗೆ ಹೋಗಿ ನೋಡಿದರೆ ಗೇಣುದ್ದದ ಹದಿನಾರು ಸ್ವೀಟ್ ಕಾರ್ನ್ ಗಿಡ, ನಾಲ್ಕು ಸಾಲಲ್ಲಿ ನಾಲ್ಕು ನಾಲ್ಕು. ನಾಲ್ಕು ಗಿಡಕ್ಕೊಂದರಂತೆ ಎಣ್ಣೆಯ ಹಳೇ ಕ್ಯಾನು ಕುತ್ತಿಗೆವರೆಗೆ ಹೂತಿತ್ತು. ಕ್ಯಾನಿನ ಪಕ್ಕೆಯ ತೂತುಗಳಿಂದ ದೀಪದ ಬತ್ತಿಯ ಹಾಗೆ ಬಟ್ಟೆಪಟ್ಟಿ ಹೊರಟು ಮಣ್ಣೊಳಗೇ ಒಂದೊಂದು ಬುಡ ಸೇರುತ್ತಿತ್ತು. ಮೇಲೆಲ್ಲ ಒಣಗಿದ ಎಲೆ, ಕತ್ತರಿಸಿ ಉಳಿದ ಬಟ್ಟೆ ಚೂರು. ಮಣ್ಣಿಗೆ ಬಿಸಿಲೇ ಕಾಣದಷ್ಟು ದಪ್ಪ.

"ಒಂದೇ ಉದ್ದ ಸಾಲು ಹಾಕಿದ್ರೆ ಚೆಂದ ಇರ್ತಿತ್ತು," ಎಂದೆ, ಏನಾದರೂ ಹೇಳಲೇಬೇಕಲ್ಲ ಎಂದು.

"ಚೆಂದಕ್ಕೆ ಬೇಕಾದ್ರೆ ಬಾರ್ಡರ್ ಹೊಲೀತೀನಿ. ಉದ್ದ ಸಾಲಾದ್ರೆ ಹೂವಿನ ಪುಡಿಯೆಲ್ಲ ಗಾಳಿಗೆ ನಿಮ್ಮ ಮನೆಗೆ ಬರುತ್ತೆ. ಗುಂಪಾಗಿದ್ರೆ ಒಂದರದು ಇನ್ನೊಂದಕ್ಕೆ ಬೀಳುತ್ತೆ."

ಇಷ್ಟೆಲ್ಲ ಯಾಕೆಂದರೆ ಮಹಡಿಯಲ್ಲಿರುವ ಅವರಣ್ಣ. ನೀರು ಸರಬರಾಜಿನ ನಿವೃತ್ತ ಇಂಜಿನಿಯರು. ಲೋಟ ನೀರು ಕುಡಿಯುವಾಗಲೂ ಒತ್ತಡ, ಹರಿವು ಅಂತ ಮಾತಾಡುವವರು. ಅವರಿಗೆ ಹಿತ್ತಿಲಿಗೆ ಕಾಂಕ್ರೀಟು ಹಾಕಿ ಕಾರು ನಿಲ್ಲಿಸಬೇಕು. "ಈ ಬಿಸಿಲಲ್ಲಿ ದಿನಕ್ಕೊಂದು ಬಕೆಟ್ ನೀರಲ್ಲಿ ತೆನೆ ತುಂಬಿಸಿ ತೋರಿಸು, ಹಿತ್ತಿಲು ನಿಂದೇ. ಇಲ್ಲಾಂದ್ರೆ ಸಿಮೆಂಟು," ಎಂದಿದ್ದರು. ಒಂದು ಬಕೆಟ್ ಅಂದರೆ ನಾಲ್ಕು ಕ್ಯಾನು, ಅಷ್ಟೇ.

ಗಿಡ ಆಳೆತ್ತರ ಬೆಳೆಯಿತು. ತುದಿಯಲ್ಲಿ ಗಂಡು ಹೂವಿನ ಕುಚ್ಚು, ಕಂಕುಳಲ್ಲಿ ತೆನೆಯ ರೇಷ್ಮೆ ಕೂದಲು. "ಒಂದೊಂದು ಎಳೆಗೆ ಒಂದೊಂದು ಕಾಳು ಸಾರ್. ಎಳೆ ಒಣಗಿದ್ರೆ ಅಲ್ಲಿ ಕಾಳಿಲ್ಲ. ಈಗ ಮಾತ್ರ ನೀರು ತಪ್ಪಬಾರದು," ಎಂದರು. ಅದೇ ವಾರ ಬೇರೆ ಊರಲ್ಲಿರುವ ಮಗಳಿಗೆ ಹುಷಾರಿಲ್ಲವೆಂದು ಆಕೆ ಎರಡು ದಿನದ ಮಟ್ಟಿಗೆ ಹೊರಡಬೇಕಾಯಿತು. ಬೆಳಗಾಗುತ್ತಲೇ ಕ್ಯಾನು ತುಂಬಿಸುವ ಕೆಲಸ ನನಗೆ ಬಂತು.

ನಾನು ಓದಿಕೊಂಡವನು. ಮಟಮಟ ಮಧ್ಯಾಹ್ನ ಎಲೆ ಸುರುಟಿಕೊಳ್ಳುವುದನ್ನು ಗೋಡೆಯಾಚೆಯಿಂದ ಮೊದಲೇ ನೋಡಿದ್ದೆ. ಕ್ಯಾನಿಗೆ ಹಾಕಿದರೆ ಎಲೆಗೆ ಯಾವಾಗ ತಲುಪೀತು ಎಂದು ಎರಡು ದಿನವೂ ಬೆಳಗ್ಗೆ ಕ್ಯಾನು ಮುಟ್ಟದೆ, ಆ ಹೊತ್ತಿಗೇ ಬಕೆಟ್ ಎತ್ತಿ ನೆತ್ತಿಯಿಂದ ಸ್ನಾನ ಮಾಡಿಸಿದೆ. ನೀರು ಚೂರುಬಟ್ಟೆಯ ಮೇಲಿಂದ ಜಾರಿ ಗೋಡೆ ಬುಡಕ್ಕೆ ಹೋಯಿತು. ಉಳಿದದ್ದನ್ನು ಸೂರ್ಯ ಕುಡಿದ.

ಮೂರನೇ ಬೆಳಗ್ಗೆ ಟೈಲರಕ್ಕ ಬಂದು ಕ್ಯಾನಿಗೆ ಬೆರಳು ಹಾಕಿದರು. ಒಣ. "ಮಧ್ಯಾಹ್ನ ಎಲೆ ಸುತ್ಕೊಂಡ್ರೆ ಅದು ಬಿಸಿಲಿಗೆ ಮೈ ಮುದುಡೋದು ಸಾರ್. ಬೆಳಗ್ಗೇನೂ ಹಾಗೇ ಇದ್ರೆ ಬಾಯಾರಿದೆ ಅಂತ. ನೋಡಿ, ಇನ್ನೂ ಬಿಸಿಲೇ ಬಂದಿಲ್ಲ, ಆಗಲೇ ಸುತ್ಕೊಂಡಿವೆ."

ಮಹಡಿಯಿಂದ ಅಣ್ಣ, "ಸಿಮೆಂಟಿಗೆ ಹೇಳ್ಲಾ?" ಎಂದರು.

"ಕೂಗಾಡಬೇಡ ಕಣಣ್ಣ, ಕತ್ತರಿ ಎಲ್ಲಿಟ್ಟೆ ಅಂತ ಮರೆತುಹೋಗುತ್ತೆ!"

ಕತ್ತರಿ ಸಿಕ್ಕಿತು. ಗೋಡೆ ಪಕ್ಕದ ಕ್ಯಾನಿನ ನಾಲ್ಕು ಗಿಡವನ್ನು ಬುಡಕ್ಕೇ ಕತ್ತರಿಸಿದರು. ನಾನು ಹಾ ಹಾ ಎನ್ನುವಷ್ಟರಲ್ಲಿ ಅವೂ ಮಣ್ಣಿಗೆ ಹೊದಿಕೆಯಾದವು. "ಬಟ್ಟೆ ಸಾಲದಿದ್ರೆ ನಾಲ್ಕು ಜನಕ್ಕೂ ಗಿಡ್ಡ ಅಂಗಿ ಹೊಲಿಯಲ್ಲ ನಾನು. ಮೂರು ಜನಕ್ಕೆ ಸರಿಯಾಗಿ ಹೊಲೀತೀನಿ." ಬಕೆಟ್ ಪೂರ್ತಿ, ನೀರು ಇಳಿದಂತೆಲ್ಲ, ಉಳಿದ ಮೂರು ಕ್ಯಾನಿಗೆ ಹೋಯಿತು. ಪಡುವಣ ಬಿಸಿಲಿಗೆ ಹಳೇ ಪರದೆ ಕಟ್ಟಿದರು. ಬಿಸಿಲೇರಿದರೆ ಹೂವಿನ ಪುಡಿ ಸಾಯುತ್ತದಂತೆ. ದಿನಾ ನಸುಕಿಗೇ ಎದ್ದು ಕುಚ್ಚುಗಳನ್ನು ಕೂದಲ ಮೇಲೆ ಅಲುಗಾಡಿಸಿದರು. ಪರದೆಯ ಹಗ್ಗ ಹಿಡಿಯುವಷ್ಟು ನಂಬಿಕೆ ನನ್ನ ಮೇಲೆ ಉಳಿದಿತ್ತು.

ಮೂರು ವಾರ ಕಳೆದು ಅಣ್ಣ ಕನ್ನಡಕ ಏರಿಸಿ ಬೆಂದ ತೆನೆಯನ್ನು ಪೈಪು ತಪಾಸಣೆ ಮಾಡುವಂತೆ ತಿರುಗಿಸಿದರು.

"ಇಲ್ಲಿ ಮೂರು ಕಾಳಿಲ್ಲ."

"ಅದು ಸಾರ್ ಅವರ ಸೇವೆ," ಎಂದರು ತಂಗಿ.

ಅಣ್ಣ ಕಚ್ಚಿದರು. ಅಗಿದರು. ಒತ್ತಡ, ಹರಿವು ಯಾವುದೂ ಬಾಯಿಂದ ಬರಲಿಲ್ಲ. ತೆನೆ ಬರಿದಾದ ಮೇಲೆ, "ಕಾರಿಗೇನು, ಬೀದೀಲೇ ನಿಲ್ಲುತ್ತೆ. ಇನ್ನೊಂದು ಬೆಂದಿದೆಯಾ?" ಎಂದರು.

ಗೆದ್ದವರ ಪಕ್ಕ ನಿಂತರೆ ಎದೆ ತಾನಾಗಿ ಉಬ್ಬುತ್ತದೆ. ನಾನೂ ಒಂದು ತೆನೆ ಕೈಗೆತ್ತಿಕೊಂಡು ಗಂಟಲು ಸರಿಮಾಡಿಕೊಂಡೆ. "ಅಕ್ಕಾ, ನನ್ನ ಪ್ಯಾಂಟಿನ ಪಟ್ಟಿ ನೀರುಣಿಸಿದ ಗಿಡದ ತೆನೆ ಯಾವುದು? ಅದು ಒಂದು ಕೈ ಹೆಚ್ಚು ಸಿಹಿ ಇರಬೇಕು, ಅಲ್ವಾ?"

"ನಿಮ್ಮದು ಟೆರಿಕಾಟು ಸಾರ್. ಒಂದು ಹನಿ ಎಳೀಲಿಲ್ಲ. ಮಾರನೇ ದಿನಾನೇ ಕಿತ್ತು ಬಿಸಾಕಿದೆ."