ಸಂಪರ್ಕಕ್ಕೆ ಸಿಗದ ಬಡಗಿ ಕಾಕಾ

ಬಡಗಿ ಕಾಕಾ ಅವರ ಬಲಗೈಯ ಎರಡು ಬೆರಳುಗಳು ಅರಿಸಿನದಲ್ಲಿ ಅದ್ದಿ ತೆಗೆದಂತೆ ಹಳದಿಯಾಗಿದ್ದವು. ನಲವತ್ತು ವರ್ಷದ ಬೀಡಿಯ ಬಣ್ಣ ಅದು. ಎಲ್ಲಿಯೇ ಕುಳಿತರೂ ಬೆಂಚನ್ನೋ ಮೇಜನ್ನೋ ಆ ಬೆರಳುಗಳಿಂದ ತಟ್ಟಿ, ಕೀಲು ಸಡಿಲಾಗಿದೆಯೇ ಎಂದು ಕಿವಿಗೊಟ್ಟು ಕೇಳುತ್ತಿದ್ದರು.

ಎರಡು ಸಾವಿರದ ಇಸವಿಯ ಆಸುಪಾಸು. ಮಾನಸಿಕ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿದ್ದವರಿಗೆ ಬೀಡಿ ಬಿಡಿಸುವುದು ಹೇಗೆಂದು ತಿಳಿಯುವ ಅಧ್ಯಯನವೊಂದಕ್ಕೆ ನಾನು ಹಳಿಯಾಳದಲ್ಲಿ ಕೆಲಸ ಮಾಡುತ್ತಿದ್ದೆ. ಎರಡು ವಾರಕ್ಕೊಮ್ಮೆ, ಶನಿವಾರ, ಬಾಡಿಗೆ ಖೋಲಿಯೊಂದರಲ್ಲಿ ಅವರೊಡನೆ ಮಾತಾಡಿ, ಎಷ್ಟು ಸೇದಿದರೆಂದು ಬರೆದುಕೊಳ್ಳಬೇಕು. ಅರ್ಧ ಜನ ಎರಡನೇ ಸಲ ಬರುತ್ತಲೇ ಇರಲಿಲ್ಲ. ಕಾಕಾ ಮಾತ್ರ ಒಂದು ಸಲವೂ ತಪ್ಪಿಸಲಿಲ್ಲ. ಬೇರೆ ಯಾರಿಗೂ ಕೇಳದ ದನಿಗಳು ಅವರಿಗೆ ಕೇಳಿಸುತ್ತಿದ್ದವು.

“ಒಳಗಿನವ್ರು ಬೀಡಿ ಕೇಳ್ತಾರ್ರಿ ಸರ್. ಶನಿವಾರತನಕ ತಡೀರಿ, ಸರ್‌ನ ಕೇಳಿ ಹೇಳ್ತೇನಿ ಅಂದೇನಿ.”

“ಆಮ್ಯಾಲೆ?”

“ತಡದಾರ್ರಿ.”

ನಾಲ್ಕು ತಿಂಗಳಲ್ಲಿ ದಿನಕ್ಕೆ ಎರಡು ಕಟ್ಟು ಸೇದುತ್ತಿದ್ದವರು ಎರಡು ಬೀಡಿಗೆ ಇಳಿದರು.

ಅಷ್ಟರಲ್ಲಿ ಖೋಲಿ ಬದಲಾಯಿತು. ಪ್ರತಿಯೊಬ್ಬರ ಮನೆಗೂ ಹೋಗಿ ಹೊಸ ಜಾಗ ತಿಳಿಸಬೇಕಿತ್ತು. ಕಾಕಾ ಅವರ ಊರಿಗೆ ಇದ್ದದ್ದು ಒಂದೇ ಬಸ್ಸು. ತಿರುಗಿ ಬರಲು ಕಬ್ಬಿನ ಲಾರಿ ಕಾಯಬೇಕು. ಯಾರಾದರೂ ಹೇಳುತ್ತಾರೆಂದು ಸುಮ್ಮನಾದೆ. ಅವರು ಎರಡು ಸಲ ಬರಲಿಲ್ಲ. ಫಾರ್ಮಿನಲ್ಲಿ ಬರೆದೆ: “ಮನೆಗೆ ಭೇಟಿ ನೀಡಲಾಗಿದೆ. ಸಂಪರ್ಕಕ್ಕೆ ಸಿಗಲಿಲ್ಲ.” ಹೋಗದ ದಿನದ ತಾರೀಖನ್ನೂ ಹಾಕಿದೆ. ಅಧ್ಯಯನದ ಪಟ್ಟಿಯಿಂದ ಅವರ ಹೆಸರು ತೆಗೆದುಹಾಕಿದರು.

ಅಧ್ಯಯನ ಮುಗಿದ ಮೇಲೆ ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಕಾಕಾ ಅವರ ತಂಗಿ ಸಿಕ್ಕರು.

“ಎಲ್ಲಿ ಹೋಗಿದ್ರಿ ಸರ್? ಅಣ್ಣ ಎಷ್ಟ ಶನಿವಾರ ಹಳೇ ಖೋಲಿ ಮುಂದ ಕುಂತು ಬಂದಾನ್ರಿ. ಕೀಲಿ ಹಾಕೇತಿ, ಸರ್‌ಗ ಜ್ವರ ಬಂದಿರಬೇಕು ಅಂತಿದ್ದ.”

ಅವರ ಜೊತೆಗೇ ಬಸ್ಸು ಹತ್ತಿದೆ. ಕಾಕಾ ಅಂಗಳದಲ್ಲಿ ಬಾಗಿಲ ಚೌಕಟ್ಟು ಉಜ್ಜುತ್ತಿದ್ದರು. ನನ್ನನ್ನು ನೋಡಿ ಎದ್ದು ನಿಂತರು.

“ಆರಾಮ ಆದ್ರ್ಯಾ ಸರ್? ನಾ ಪೂರ್ತಿ ಬಿಟ್ಟೇನ್ರಿ. ಐದು ತಿಂಗಳಾತು. ಬರ್ಕೊಳ್ರಿ.”

ಚೀಲದಿಂದ ನೋಟುಬುಕ್ಕು ತೆಗೆದೆ. ತೆರೆಯದೆ ಮತ್ತೆ ಚೀಲಕ್ಕೇ ಹಾಕಿದೆ.

“ಕಾಕಾ, ನನಗ ಜ್ವರ ಬಂದಿರಲಿಲ್ಲ. ಖೋಲಿ ಬದಲಾಗಿತ್ತು, ಹೇಳಾಕ ನಾ ಬರಲಿಲ್ಲ. ಬಂದಿದ್ದೆ ಅಂತ ಸುಳ್ಳು ಬರದೆ. ನಿಮ್ಮ ಹೆಸರು ತಗದ್ರು.”

ಅವರು ಕಟ್ಟಿಗೆಯ ಮೇಲಿನ ಹೊಟ್ಟನ್ನು ಊದಿದರು.

“ಹಂಗಾರ ನಾ ಬಿಟ್ಟದ್ದು ಲೆಕ್ಕಕ್ಕಿಲ್ಲೇನ್ರಿ?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನಿಜವಾಗಿಯೂ ಉತ್ತರ ಕೇಳುತ್ತಿದ್ದರು.

“ಐತ್ರಿ ಕಾಕಾ. ನಾ ಸರಿಮಾಡಸ್ತೇನಿ,” ಎಂದೆ.

ಅವರು ತಲೆಯಾಡಿಸಿ, ತಂಗಿಗೆ ಚಹಾ ಇಡಲು ಹೇಳಿದರು.

ಮರುದಿನ ಮೇಲಧಿಕಾರಿಗೆ ಎಲ್ಲವನ್ನೂ ಹೇಳಿದೆ. “ವರದಿ ಕಳಿಸಿ ಆಗಿದೆ, ಬಿಡಿ,” ಎಂದರು. ಕೆಲಸ ಹೋದೀತೆಂಬ ಹೆದರಿಕೆಯಿಂದ ಎರಡನೇ ಸಲ ಕೇಳಲಿಲ್ಲ.

ಮುಂದಿನ ವರ್ಷ ಕಾಕಾ ತೀರಿಕೊಂಡರೆಂದು ಅವರ ಊರಿನವರಿಂದ ತಿಳಿಯಿತು. ಕೊನೆಯ ತನಕ ಬೀಡಿ ಮುಟ್ಟಲಿಲ್ಲವಂತೆ. ಸರಿಮಾಡಿಸಲು ಆಗಲಿಲ್ಲ ಎಂದು ಹೇಳುವುದಕ್ಕಾದರೂ ನಾನು ಅವರ ಮನೆಗೆ ಹೋಗಿರಲಿಲ್ಲ.